ಕಿರುಗುಡುವ ಬ್ರೇಕಿಗೆ ಎಣ್ಣೆ ಬೇಡ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲೂಕಿನಲ್ಲಿ ಇಂಗಳೇಶ್ವರ ಎಂಬ ಊರಿದೆ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರು ಎಂದು ಜನ ಹೇಳುವ ಊರು. ಸುತ್ತಮುತ್ತ ಕಪ್ಪು ಎರೆಹೊಲ, ಜೋಳದ ಬೆಳೆ. ಬೇಸಿಗೆಯಲ್ಲಿ ಸುಡುವ ಬಿಸಿಲು, ಹಾರುವ ಧೂಳು. ಮಳೆ ಬಿದ್ದರೆ ಕಾಲಿಗೂ ಗಾಲಿಗೂ ಬಿಡದೆ ಅಂಟುವ ಕೆಸರು. ಅಂಥ ಊರಿನ ಹೊರಗೆ, ತೋಟದ ವಸ್ತಿಯಲ್ಲಿರುವ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ.

ಸಂಜೆಯ ಹೊತ್ತು. ಹೈಸ್ಕೂಲಿನಿಂದ ಮಗಳು ಸೈಕಲ್ಲಿನಲ್ಲಿ ಮರಳುತ್ತಿದ್ದಾಳೆ. ಅವಳು ಅಂಗಳಕ್ಕೆ ಬರುವ ಮೊದಲೇ ಅವಳ ಬ್ರೇಕಿನ ಸದ್ದು ಮನೆಗೆ ಬಂದಿದೆ. ಕೀಂ...ಯ್! ಬುಟ್ಟಿಯಲ್ಲಿದ್ದ ಪಾಟಿಚೀಲವನ್ನು ಒಳಗೆ ಎಸೆದು ಅವಳು ಹೇಳುತ್ತಾಳೆ:

"ಅಮ್ಮೀ, ನಾಳೆಯಿಂದ ನಾ ಸೈಕಲ್ ಒಯ್ಯಂಗಿಲ್ಲ."

"ಯಾಕ ಬೇಟಾ, ಏನಾತು?"

"ಬ್ರೇಕ್ ಹಿಡದ್ರ ಸಾಕು, ಬಸ್‌ಸ್ಟ್ಯಾಂಡಿನ್ಯಾಗ ಕುಂತವರೆಲ್ಲಾ ಹೊಳ್ಳಿ ನೋಡ್ತಾರ. ನನಗ ನಾಚಿಕಿ ಬರ್ತದ."

ತಾಯಿಗೆ ಮಗಳ ಸಂಕಟ ಅರ್ಥವಾಗುತ್ತದೆ. ಬಾಗಿಲು ಕಿರುಗುಟ್ಟಿದರೆ ತಿರುಗಣಿಗೆ ಎರಡು ಹನಿ ಎಣ್ಣೆ ಬಿಡುವುದು ಅವಳಿಗೆ ಗೊತ್ತು. ಹೊಲಿಗೆ ಯಂತ್ರ ಸದ್ದು ಮಾಡಿದರೂ ಎಣ್ಣೆ ಬಿಡುತ್ತಾಳೆ. ಅದೇ ಕೈ ಈಗಲೂ ಎಣ್ಣೆಯ ಸೀಸೆಯ ಕಡೆಗೇ ಹೋಗುತ್ತದೆ.

ಸಹೋದರಿ, ಒಂದು ಕ್ಷಣ ತಾಳಿ. ಆ ಸೀಸೆಯನ್ನು ಮೊದಲು ಇದ್ದಲ್ಲಿಯೇ ಇಡಿ.

ಬಾಗಿಲಿನ ಕೆಲಸ ಬೇರೆ, ಬ್ರೇಕಿನ ಕೆಲಸ ಬೇರೆ. ಬಾಗಿಲು ಸಲೀಸಾಗಿ ಜಾರಬೇಕು. ಬ್ರೇಕು ಜಾರಬಾರದು, ಹಿಡಿಯಬೇಕು. ಬ್ರೇಕಿನ ರಬ್ಬರಿಗೆ ಎಣ್ಣೆ ಹಾಕಿದರೆ ಸದ್ದು ನಿಲ್ಲುವುದು ನಿಜ. ಆದರೆ ಅದರೊಂದಿಗೆ ಬ್ರೇಕೂ ಹೋಗುತ್ತದೆ. ಮರುದಿನ ಬೆಳಿಗ್ಗೆ ಮಗಳು ಸದ್ದಿಲ್ಲದೆ ಹೊರಡುತ್ತಾಳೆ. ಇಳಿಜಾರಿನಲ್ಲಿ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಬ್ರೇಕ್ ಒತ್ತುತ್ತಾಳೆ. ಗಾಲಿ ನಿಲ್ಲುವುದಿಲ್ಲ. ಹಿಂದಿನ ದಿನ ನಾಲ್ಕು ಜನ ತಿರುಗಿ ನೋಡಿದ್ದು ಎಷ್ಟೋ ವಾಸಿಯಾಗಿತ್ತು ಅಲ್ಲವೇ?

ಕಿರುಗುಡುವ ಬ್ರೇಕು ನಮಗೇನೋ ಹೇಳುತ್ತಿರುತ್ತದೆ. ಅದರ ಬಾಯಿ ಮುಚ್ಚಿಸುವ ಮೊದಲು ಅದು ಹೇಳುವುದನ್ನು ಕೇಳಿಸಿಕೊಳ್ಳಬೇಕು. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಮನೆಯಲ್ಲಿರುವ ಸಾಮಾನುಗಳಿಂದಲೇ, ತಾಯಿ ಮಗಳು ಸೇರಿ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.

ಮೂಲೆ ಸೇರಿದ ಸೈಕಲ್

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ ಎಂದು ನೀವು ಕೇಳಬಹುದು. ಆದರೆ ಹೆಣ್ಣುಮಕ್ಕಳ ಓದು ಎಷ್ಟೋ ಸಲ ದೊಡ್ಡ ಕಾರಣಕ್ಕೆ ನಿಲ್ಲುವುದಿಲ್ಲ, ಇಂಥ ಸಣ್ಣ ಕಾರಣಗಳು ಒಂದರ ಮೇಲೊಂದು ಕೂಡಿ ನಿಲ್ಲುತ್ತದೆ. ಸದ್ದು ಮಾಡುತ್ತದೆಂದು ಸೈಕಲ್ ಗೋಡೆಗೆ ಆನಿಸಿಕೊಳ್ಳುತ್ತದೆ. ನಡೆದು ಹೋದರೆ ತಡವಾಗುತ್ತದೆ. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. "ದೂರ ಆಯ್ತು, ಇನ್ನು ಸಾಕು" ಎಂಬ ಮಾತು ಮನೆಯಲ್ಲಿ ಯಾರದೋ ಬಾಯಿಂದ ಬರಲು ಎಷ್ಟು ಹೊತ್ತು ಬೇಕು?

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ಅನಂತರ ಗಂಡುಮಕ್ಕಳಿಗೂ ಸಿಕ್ಕಿತು. ಬೆಳಿಗ್ಗೆ ಹಳ್ಳಿಯ ರಸ್ತೆಗಳಲ್ಲಿ ಸಮವಸ್ತ್ರದ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತಾ ಹೋಗುವ ನೋಟ ಆ ವರ್ಷಗಳಲ್ಲಿ ಎಲ್ಲರಿಗೂ ಪರಿಚಿತವಾಯಿತು. ಕೋವಿಡ್ ಬಂದ 2020ರಲ್ಲಿ ಆ ವಿತರಣೆ ನಿಂತಿತು. ಹೀಗಾಗಿ ಎಷ್ಟೋ ಮನೆಗಳಲ್ಲಿ ಅಕ್ಕ ತುಳಿದ ಸೈಕಲ್ಲೇ ತಂಗಿಗೆ, ತಂಗಿಯಿಂದ ತಮ್ಮನಿಗೆ ಬಂದಿದೆ. ಇದ್ದದ್ದನ್ನು ಕಾಪಾಡಿಕೊಳ್ಳುವುದೇ ಈಗಿನ ಜಾಣತನ.

ಒಂದು ಸೈಕಲ್ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ಬಿಹಾರದ ಉದಾಹರಣೆ ಇದೆ. ಅಲ್ಲಿಯೂ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಸರಕಾರ ಹಣ ಕೊಡತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಇದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು. ಅದರಲ್ಲೂ ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಹೆಚ್ಚು ಲಾಭವಾಗಿತ್ತು.

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅವರ ಕುರಿತು ಬರೆದ ವರದಿಯಲ್ಲಿ ಮುಸ್ಲಿಂ ಹೆಣ್ಣುಮಕ್ಕಳೂ ಇದ್ದಾರೆ. ಸೈಕಲ್ ತುಳಿಯಲು ಕಲಿತ ಕೈಗೆ ಅದರ ಬ್ರೇಕು ಸರಿಮಾಡುವುದು ಕಷ್ಟವೇ?

ಸದ್ದು ಎಲ್ಲಿಂದ ಬರುತ್ತದೆ?

ಗಾಜಿನ ಲೋಟದ ಅಂಚಿನ ಮೇಲೆ ಒದ್ದೆ ಬೆರಳನ್ನು ಉಜ್ಜಿ ನೋಡಿದ್ದೀರಾ? ಬೆರಳು ಸ್ವಲ್ಪ ಅಂಟುತ್ತದೆ, ಸ್ವಲ್ಪ ಜಾರುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆಯುವುದರಿಂದ ಲೋಟ ನಡುಗಿ ಸದ್ದು ಹೊರಡುತ್ತದೆ. ಬ್ರೇಕಿನಲ್ಲಿಯೂ ನಡೆಯುವುದು ಇದೇ. ರಬ್ಬರು ರಿಮ್ಮನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಆ ನಡುಕವೇ ನಮ್ಮ ಕಿವಿಗೆ ಕಿರುಚಾಟವಾಗಿ ಕೇಳಿಸುತ್ತದೆ.

ನಡುಕ ಹೆಚ್ಚಾಗಲು ಮುಖ್ಯವಾಗಿ ಐದು ಕಾರಣಗಳಿವೆ. ರಿಮ್ಮಿನ ಮೇಲೆ ಧೂಳು, ಕೆಸರು ಅಥವಾ ಎಣ್ಣೆಯ ಪದರ ಕೂತಿರುವುದು ಒಂದು. ಎರೆಮಣ್ಣು ಬಹಳ ನಯವಾದದ್ದು, ಒಣಗಿದರೆ ಬಣ್ಣ ಬಳಿದಂತೆ ರಿಮ್ಮಿಗೆ ಅಂಟಿಕೊಳ್ಳುತ್ತದೆ. ರಬ್ಬರಿನಲ್ಲಿ ಗರಸಿನ ಹರಳು ಸಿಕ್ಕಿಕೊಂಡಿರುವುದು ಎರಡನೆಯದು. ರಬ್ಬರು ಹಳತಾಗಿ ಅದರ ಮುಖ ಗಾಜಿನಂತೆ ಗಟ್ಟಿಯಾಗಿ ಹೊಳೆಯುವುದು ಮೂರನೆಯದು. ಬ್ರೇಕಿನ ನಟ್ಟು ಸಡಿಲವಾಗಿರುವುದು ನಾಲ್ಕನೆಯದು. ರಬ್ಬರು ರಿಮ್ಮಿಗೆ ಸರಿಯಾದ ಕೋನದಲ್ಲಿ ಕೂರದಿರುವುದು ಐದನೆಯದು.

ಮಳೆಯಲ್ಲಿ ನೆನೆದ ಕೂಡಲೇ ಒಂದೆರಡು ಸಲ ಸದ್ದು ಬಂದು ನಿಂತುಹೋದರೆ ಗಾಬರಿ ಬೇಡ. ಒಣಗಿದ ದಿನದಲ್ಲೂ, ಪ್ರತಿಸಲವೂ ಸದ್ದು ಬಂದರೆ ಮಾತ್ರ ಕೆಲಸ ಇದೆ ಎಂದರ್ಥ.

ಬೇಕಾಗುವ ಸಾಮಾನು

ಪಾತ್ರೆ ತೊಳೆಯುವ ಸೋಪು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್, ಒಂದು ಬಕೆಟ್ ನೀರು, ಎರಡು ಸ್ವಚ್ಛ ಹತ್ತಿ ಬಟ್ಟೆ, ಒಂದು ತುಂಡು ಸ್ಯಾಂಡ್ ಪೇಪರ್, ಒಂದು ದಪ್ಪ ಸೂಜಿ ಅಥವಾ ಸೇಫ್ಟಿ ಪಿನ್ನು, ಹಳೆಯ ಮದುವೆ ಕಾರ್ಡಿನ ತುಂಡು, ಮತ್ತು ಬ್ರೇಕಿನ ನಟ್ಟಿಗೆ ಹೊಂದುವ ಪಾನಾ. ವೈರ್ ಬ್ರೇಕಿನ ರಬ್ಬರಿಗೆ ಸಾಮಾನ್ಯವಾಗಿ 10 ನಂಬರಿನ ಪಾನಾ ಹಿಡಿಯುತ್ತದೆ. ಮನೆಯಲ್ಲಿ ಪಾನಾ ಒಂದೇ ಇಲ್ಲದಿರಬಹುದು. ಪಂಕ್ಚರ್ ಅಂಗಡಿಯಿಂದ ಒಂದು ಗಂಟೆಗೆ ಕೇಳಿ ತರಿಸಿಕೊಳ್ಳಿ.

ಹಂತ ಹಂತವಾಗಿ

ಮೊದಲನೆಯದು, ಯಾವ ಗಾಲಿ ಕೂಗುತ್ತಿದೆ ಎಂದು ಪತ್ತೆ ಮಾಡಿ. ಸೈಕಲ್ಲನ್ನು ತಳ್ಳುತ್ತಾ ಒಂದು ಕೈಯ ಬ್ರೇಕನ್ನಷ್ಟೇ ಒತ್ತಿ, ಆಮೇಲೆ ಇನ್ನೊಂದನ್ನು ಒತ್ತಿ. ನಮ್ಮ ದೇಶದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಗಾಲಿಯ ಬ್ರೇಕು. ಹಿಂದಿನ ಬ್ರೇಕ್ ಒತ್ತಿ ಸೈಕಲ್ಲನ್ನು ಮುಂದಕ್ಕೆ ದೂಡಿದರೆ ಹಿಂದಿನ ಗಾಲಿ ತಿರುಗಬಾರದು. ತಿರುಗಿದರೆ ಸಮಸ್ಯೆ ಸದ್ದಿನದಷ್ಟೇ ಅಲ್ಲ, ಹಿಡಿತದ್ದೂ ಹೌದು.

ಎರಡನೆಯದು, ಕಣ್ಣಿಟ್ಟು ನೋಡಿ. ಬ್ರೇಕಿನ ರಬ್ಬರಿನ ಮೇಲೆ ಗೆರೆಗಳಿರುತ್ತವೆ. ಗೆರೆಗಳು ಸವೆದು ಮಾಯವಾಗಿದ್ದರೆ ಹೊಸ ರಬ್ಬರು ಹಾಕುವ ಕಾಲ ಬಂದಿದೆ. ಸವೆದ ರಬ್ಬರನ್ನು ಹಾಗೆಯೇ ಬಿಟ್ಟರೆ ಅದರ ಹಿಂದಿನ ಕಬ್ಬಿಣ ರಿಮ್ಮನ್ನೇ ಕೆರೆಯುತ್ತದೆ. ರಬ್ಬರು ರಿಮ್ಮಿಗೆ ಮಾತ್ರ ತಾಗಬೇಕು. ಟೈರಿಗೆ ತಾಗುತ್ತಿದ್ದರೆ ಒಂದು ದಿನ ಟೈರು ಸೀಳಿಹೋದೀತು.

ಮೂರನೆಯದು, ರಿಮ್ಮು ತೊಳೆಯಿರಿ. ಹಿಂದಿನ ಗಾಲಿಗಾದರೆ ಡಬಲ್ ಸ್ಟ್ಯಾಂಡ್ ಹಾಕಿದರೆ ಸಾಕು. ಮುಂದಿನ ಗಾಲಿಗೆ ಮಕ್ಕಳಲ್ಲೊಬ್ಬರು ಹ್ಯಾಂಡಲ್ ಎತ್ತಿ ಹಿಡಿಯಲಿ. ಗಾಲಿ ತಿರುಗಿಸುತ್ತಾ ಸೋಪುನೀರಿನ ಸ್ಕ್ರಬ್ಬರಿನಿಂದ ರಬ್ಬರು ತಾಗುವ ಜಾಗವನ್ನು ಎರಡೂ ಬದಿಗೆ ತಿಕ್ಕಿ. ಕಡ್ಡಿಗಳ ನಡುವೆ ಬೆರಳು ಸಿಗದಂತೆ ಗಾಲಿಯನ್ನು ನಿಧಾನವಾಗಿ ತಿರುಗಿಸಬೇಕು. ಆಮೇಲೆ ಬರಿಯ ನೀರಿನಿಂದ ತೊಳೆದು ಒಣ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಒರೆಸಬೇಕು. ಸೀಮೆಎಣ್ಣೆಯಿಂದ ಒರೆಸಿ ಬಿಡುವ ಅಭ್ಯಾಸ ಕೆಲವರಿಗಿದೆ. ಸೀಮೆಎಣ್ಣೆಯೂ ಎಣ್ಣೆಯೇ, ತೆಳುವಾದ ಪದರ ಉಳಿಸಿಹೋಗುತ್ತದೆ.

ನಾಲ್ಕನೆಯದು, ರಬ್ಬರಿನ ಮುಖ ಸರಿಮಾಡಿ. ಪಾನಾದಿಂದ ನಟ್ಟು ಸಡಿಲಿಸಿ ರಬ್ಬರನ್ನು ಹೊರತೆಗೆಯಿರಿ. ಯಾವ ತುದಿ ಮುಂದಿತ್ತು ಎಂದು ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳಿ. ಸಿಕ್ಕಿಕೊಂಡ ಹರಳು, ಲೋಹದ ಚೂರುಗಳನ್ನು ಸೂಜಿಯಿಂದ ಕಿತ್ತು ತೆಗೆಯಿರಿ. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣಿಗೆ ಇದು ಕಷ್ಟವಲ್ಲ. ಅನಂತರ ಸ್ಯಾಂಡ್ ಪೇಪರನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ರಬ್ಬರಿನ ಮುಖವನ್ನು ನಾಲ್ಕಾರು ಸಲ ಉಜ್ಜಿ. ಹೊಳಪು ಹೋಗಿ ಮಂಕು ಕಪ್ಪಾದರೆ ಸಾಕು.

ಐದನೆಯದು, ಮತ್ತೆ ಜೋಡಿಸುವಾಗ ಬಹಳ ಎಚ್ಚರಬೇಕು. ಕೆಲವು ಬ್ರೇಕುಗಳಲ್ಲಿ ರಬ್ಬರನ್ನು ಕೂರಿಸುವ ತಗಡಿನ ಗೂಡಿನ ಒಂದು ತುದಿ ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ಮುಚ್ಚಿದ ತುದಿ ಯಾವಾಗಲೂ ಸೈಕಲ್ಲಿನ ಮುಂದಕ್ಕೇ ಇರಬೇಕು. ಬ್ರೇಕ್ ಹಿಡಿದಾಗ ತಿರುಗುವ ರಿಮ್ಮು ರಬ್ಬರನ್ನು ಮುಂದಕ್ಕೆ ಎಳೆಯುತ್ತದೆ. ತೆರೆದ ತುದಿ ಮುಂದಿದ್ದರೆ ರಬ್ಬರು ಜಾರಿ ಹೊರಬಿದ್ದು ಬ್ರೇಕೇ ಇಲ್ಲವಾಗುತ್ತದೆ. ಅಂಗಡಿಯಲ್ಲಿ ಹಾಕಿಸಿದರೂ ಮನೆಗೆ ಬಂದ ಮೇಲೆ ಇದನ್ನೊಮ್ಮೆ ನೀವೇ ನೋಡಿಕೊಳ್ಳಿ.

ಆರನೆಯದು, ಕೋನ ಕೂರಿಸುವುದು. ವೈರ್ ಬ್ರೇಕಿನಲ್ಲಿ ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗಬೇಕು, ಹಿಂದಿನ ತುದಿ ಸುಮಾರು ಒಂದು ಮಿಲಿಮೀಟರ್ ದೂರವಿರಬೇಕು. ಹೀಗಿದ್ದರೆ ನಡುಕ ಹುಟ್ಟುವುದು ಕಡಿಮೆ. ಮದುವೆ ಕಾರ್ಡಿನ ತುಂಡನ್ನು ಮಡಿಸಿ ರಬ್ಬರಿನ ಹಿಂದಿನ ತುದಿ ಮತ್ತು ರಿಮ್ಮಿನ ನಡುವೆ ಇಡಿ. ಮಗಳು ಬ್ರೇಕನ್ನು ಒತ್ತಿ ಹಿಡಿದಿರಲಿ, ನೀವು ನಟ್ಟು ಬಿಗಿಮಾಡಿ. ಬಿಟ್ಟ ಮೇಲೆ ಕಾರ್ಡನ್ನು ತೆಗೆಯಿರಿ. ಕೆಲವು ಅಗ್ಗದ ಬ್ರೇಕುಗಳಲ್ಲಿ ರಬ್ಬರು ಓರೆಯಾಗಿ ಕೂರುವುದೇ ಇಲ್ಲ. ಆಗ ರಬ್ಬರಿನ ಹಿಂದಿನ ತುದಿಯನ್ನು ಸ್ಯಾಂಡ್ ಪೇಪರಿನಿಂದ ತುಸುವೇ ಇಳಿಜಾರಾಗಿ ಉಜ್ಜಿದರೆ ಅದೇ ಫಲ ಸಿಗುತ್ತದೆ.

ವೈರಿನ ಬದಲು ಕಬ್ಬಿಣದ ಕಡ್ಡಿಗಳಿರುವ ಹಳೆಯ ಸೈಕಲ್ ನಿಮ್ಮದಾಗಿದ್ದರೆ ಅದರ ರಬ್ಬರು ರಿಮ್ಮಿನ ಬದಿಗೆ ತಾಗುವುದಿಲ್ಲ, ಒಳಮುಖಕ್ಕೆ ತಾಗುತ್ತದೆ. ಅಲ್ಲಿ ಓರೆ ಮಾಡುವ ಕೆಲಸವಿಲ್ಲ. ರಿಮ್ಮಿನ ಒಳಮುಖ ತೊಳೆದು, ರಬ್ಬರು ಉಜ್ಜಿ, ಕಡ್ಡಿಗಳ ನಟ್ಟುಗಳನ್ನು ಬಿಗಿಮಾಡಿದರೆ ಸಾಮಾನ್ಯವಾಗಿ ಸದ್ದು ಅಡಗುತ್ತದೆ.

ಏಳನೆಯದು, ಅಲುಗಾಟ ನೋಡಿ. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಹಿಂದಕ್ಕೆ ಮುಂದಕ್ಕೆ ಜಗ್ಗಿ. ಬ್ರೇಕಿನ ತೋಳುಗಳು ಕಟಕಟ ಅಲುಗಿದರೆ ಅದನ್ನು ಸೈಕಲ್ಲಿಗೆ ಹಿಡಿದಿಟ್ಟ ನಡುವಿನ ನಟ್ಟು ಸಡಿಲಾಗಿದೆ. ತೋಳುಗಳು ಸಲೀಸಾಗಿ ಆಡುವಷ್ಟು ಜಾಗ ಬಿಟ್ಟು ಅದನ್ನು ಬಿಗಿಮಾಡಿ.

ಕೊನೆಯದು, ಪರೀಕ್ಷೆ. ಬ್ರೇಕ್ ಒತ್ತಿದಾಗ ಹಿಡಿಕೆ ಹ್ಯಾಂಡಲಿಗೆ ತಾಗಬಾರದು, ಎರಡು ಬೆರಳಿನಷ್ಟಾದರೂ ಜಾಗ ಉಳಿಯಬೇಕು. ಗಾಲಿ ಬಿಟ್ಟು ತಿರುಗಿಸಿದಾಗ ರಬ್ಬರು ಉಜ್ಜಬಾರದು. ಮೊದಲು ತಳ್ಳಿಕೊಂಡು ನೋಡಿ, ಆಮೇಲೆ ಮಗಳು ಅಂಗಳದಲ್ಲಿ ನಿಧಾನವಾಗಿ ತುಳಿದು ನೋಡಲಿ. ರಸ್ತೆಗೆ ಇಳಿಯುವುದು ಆ ಬಳಿಕ.

ಎಣ್ಣೆ ಈಗಾಗಲೇ ಹಾಕಿಬಿಟ್ಟಿದ್ದರೆ?

ತಪ್ಪಾಯಿತೆಂದು ಕೊರಗಬೇಡಿ. ಗೊತ್ತಿಲ್ಲದೆ ಮಾಡಿದ್ದಲ್ಲವೇ? ರಿಮ್ಮನ್ನು ಸೋಪುನೀರಿನಿಂದ ಎರಡು ಮೂರು ಸಲ ತೊಳೆಯಿರಿ. ರಬ್ಬರನ್ನು ಹೊರತೆಗೆದು ತೊಳೆದು, ಮೇಲಿನ ಪದರ ಹೋಗುವಂತೆ ಉಜ್ಜಿ. ರಬ್ಬರು ಎಣ್ಣೆ ಕುಡಿದು ಮೆತ್ತಗಾಗಿದ್ದರೆ ಅದನ್ನು ಎಸೆದು ಹೊಸದು ಹಾಕಿ. ಒಂದು ಬದಿಯದನ್ನು ಮಾತ್ರ ಬದಲಿಸಬೇಡಿ, ಜೋಡಿಯಾಗಿಯೇ ಬದಲಿಸಿ. ಅದು ಸರಿಹೋಗುವ ತನಕ ಮಗಳು ಆ ಸೈಕಲ್ ಹತ್ತುವುದು ಬೇಡ.

ಸೈಕಲ್ಲಿಗೆ ಎಣ್ಣೆ ಬೇಡವೇ ಬೇಡ ಎಂದಲ್ಲ. ಚೈನಿಗೆ ಬೇಕು, ಬ್ರೇಕ್ ಹಿಡಿಕೆ ತಿರುಗುವ ಕೀಲಿಗೆ ಒಂದು ಹನಿ ಬೇಕು. ಆದರೆ ಚೈನಿಗೆ ಎಣ್ಣೆ ಬಿಡುವಾಗ ಹಿಂದಿನ ರಿಮ್ಮಿಗೆ ಹಳೆಯ ಬಟ್ಟೆ ಮುಚ್ಚಿ. ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಎಷ್ಟೋ ಬ್ರೇಕುಗಳು ಕಿರುಚಲು ಆರಂಭಿಸುವುದು ಹೀಗೆ ಹಾರಿದ ಎಣ್ಣೆಯ ಹನಿಯಿಂದಲೇ.

ಯಾವಾಗ ಅಂಗಡಿಗೆ ಒಯ್ಯಬೇಕು?

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟ ಬೇಡ. ಬ್ರೇಕಿನ ವೈರಿನ ಎಳೆಗಳು ಕಿತ್ತು ಬಂದಿದ್ದರೆ, ಗಾಲಿ ತಿರುಗುವಾಗ ಹಾವಿನಂತೆ ಡೊಂಕಾಗಿ ಓಡುತ್ತಿದ್ದರೆ, ರಿಮ್ಮು ಬಿರುಕು ಬಿಟ್ಟಿದ್ದರೆ, ಇಷ್ಟೆಲ್ಲ ಮಾಡಿದ ಮೇಲೂ ಹಿಡಿತ ಬರದಿದ್ದರೆ, ತಿಳಿದವರ ಕೈಗೆ ಕೊಡಿ. ಕಡ್ಡಿ ಬಿಗಿ ಮಾಡಿ ಗಾಲಿಯ ಡೊಂಕು ತೆಗೆಯುವುದು ಅನುಭವದ ಕೆಲಸ. ಆದರೆ ಕೊಡುವಾಗ "ಏನೋ ಸದ್ದು ಬರ್ತದ" ಎಂದು ಹೇಳುವುದಕ್ಕೂ, "ರಿಮ್ಮು ತೊಳೆದಿದ್ದೇವೆ, ರಬ್ಬರು ಉಜ್ಜಿದ್ದೇವೆ, ಹಿಂದಿನ ಗಾಲಿ ಡೊಂಕಿದೆ, ನೋಡಿ" ಎಂದು ಹೇಳುವುದಕ್ಕೂ ವ್ಯತ್ಯಾಸವಿದೆ.

ಮಗಳಿಗೆ ಹೇಳಬೇಕಾದ ಮೂರು ಮಾತು

ಹೊಳೆಯುವ ಉಕ್ಕಿನ ರಿಮ್ಮಿರುವ ಸೈಕಲ್ ಮಳೆಯಲ್ಲಿ ಬೇಗ ನಿಲ್ಲುವುದಿಲ್ಲ. ಒದ್ದೆ ಉಕ್ಕಿನ ಮೇಲೆ ರಬ್ಬರಿಗೆ ಹಿಡಿತ ಬಹಳ ಕಡಿಮೆ. ಮಳೆಯಲ್ಲಿ ನಿಧಾನವಾಗಿ ಹೋಗಬೇಕು. ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಬ್ರೇಕನ್ನು ಹಗುರವಾಗಿ ಒತ್ತಿ ರಿಮ್ಮಿನ ನೀರು ಒರೆಸಿಹೋಗುವಂತೆ ಮಾಡಬೇಕು.

ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನೊಂದೇ ಗಕ್ಕನೆ ಹಿಡಿಯಬಾರದು, ಮುಗ್ಗರಿಸಿ ಬೀಳುವ ಭಯವಿದೆ. ಎರಡನ್ನೂ ಒಟ್ಟಿಗೆ, ಹದವಾಗಿ ಹಿಡಿಯಬೇಕು.

ದುಪಟ್ಟಾದ ತುದಿ, ಬುರ್ಖಾದ ಅಂಚು ಚೈನಿಗೂ ಹಿಂದಿನ ಗಾಲಿಗೂ ಸಿಗದಂತೆ ಸೆರಗನ್ನು ಪಿನ್ನು ಮಾಡಿಕೊಂಡು, ಅಂಚನ್ನು ಮೇಲಕ್ಕೆ ಸೇರಿಸಿಕೊಂಡು ಹತ್ತಬೇಕು. ಚೈನಿನ ಮುಚ್ಚಳ ಮತ್ತು ಹಿಂದಿನ ಗಾಲಿಯ ಜಾಲರಿ ಮುರಿದಿದ್ದರೆ ಬ್ರೇಕಿನಷ್ಟೇ ಬೇಗ ಅದನ್ನೂ ಸರಿಮಾಡಿಸಿ.

ತಿಂಗಳಿಗೊಂದು ರಜಾದಿನ ಅರ್ಧ ಗಂಟೆ ಇದಕ್ಕೆ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ರಿಮ್ಮು ಒರೆಸಿದರೂ ಒಳ್ಳೆಯದು. ಈ ಕೆಲಸವನ್ನು ಮಗನಿಗೆ ಮಾತ್ರ ವಹಿಸಬೇಡಿ. ಸೈಕಲ್ ತುಳಿಯುವವಳು ಮಗಳು, ಪಾನಾ ಅವಳ ಕೈಯಲ್ಲಿಯೂ ಇರಲಿ. ದಾರಿಯಲ್ಲಿ ಒಬ್ಬಳೇ ಇರುವಾಗ ನಟ್ಟು ಸಡಿಲಾದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಬೇಕು.

ಮತ್ತೆ ಆ ತೋಟದ ಮನೆಗೆ ಬನ್ನಿ. ಬೆಳಿಗ್ಗೆ ಮಗಳು ಪಾಟಿಚೀಲವನ್ನು ಬುಟ್ಟಿಗೆ ಹಾಕಿ ಹೊರಡುತ್ತಾಳೆ. ಅಂಗಳದ ಕೊನೆಯಲ್ಲಿ ಬ್ರೇಕ್ ಒತ್ತುತ್ತಾಳೆ. ಗಾಲಿ ನಿಲ್ಲುತ್ತದೆ, ಸದ್ದಿಲ್ಲ. ತಿರುಗಿ ಅಮ್ಮಿಯ ಕಡೆ ನೋಡಿ ನಗುತ್ತಾಳೆ. ಉಗುರಿನಲ್ಲಿ ಇನ್ನೂ ಉಳಿದ ಕಪ್ಪು ಮಸಿಯನ್ನು ತಿಕ್ಕುತ್ತಾ ತಾಯಿ ಬಾಗಿಲಲ್ಲಿ ನಿಂತಿದ್ದಾಳೆ. ಎಣ್ಣೆಯ ಸೀಸೆ ಇದ್ದಲ್ಲಿಯೇ ಇದೆ.